ಮೂರನೆಯ ಕರೆ

ಒಂದೂರಿನಲ್ಲಿ ಒಬ್ಬ ಕರೆಯುವವಳಿದ್ದಳಂತೆ. ಬಾವಿಗೆ ಹಗ್ಗ ಹೇಗೋ ಆ ಊರಿನ ಊಟಕ್ಕೆ ಅವಳು ಹಾಗೆ. ಮದುವೆಯಿರಲಿ, ತೊಟ್ಟಿಲಿರಲಿ, ಊರೆಲ್ಲ ಕೂಡಿ ಉಣ್ಣುವ ಹುಗ್ಗಿಯಿರಲಿ, ಅವಳು ಮೂರು ಸಲ ಮನೆಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು ಕರೆಯಬೇಕು. ಎಂಟು ದಿನ ಮೊದಲು ಅರಿಸಿನ ಹಚ್ಚಿದ ಅಡಿಕೆ ಇಟ್ಟು ಮೊದಲ ಕರೆ. ಹಿಂದಿನ ಸಂಜೆ ನೆನಪಿನ ಕರೆ. ಎಲೆ ಹಾಕಿದ ಮೇಲೆ ಮೂರನೆಯ ಕರೆ: "ಎಲಿ ಹಾಕೇವಿ, ಏಳ್ರಿ." ಮೊದಲೆರಡು ಬಂದರೂ ಮೂರನೆಯದು ಬರದೆ ಆ ಊರಿನಲ್ಲಿ ಯಾರೂ ಏಳುತ್ತಿರಲಿಲ್ಲ. ಹಸಿದ ಹೊಟ್ಟೆ ಹಿಡಿದು ಕಂಬಕ್ಕೊರಗಿ ಕೂತೇ ಇರುತ್ತಿದ್ದರು. ಇತ್ತ ಪಂಕ್ತಿಯಲ್ಲಿ ಕೂತವರೂ ಅನ್ನ ಮುಟ್ಟುವ ಹಾಗಿಲ್ಲ. ಕರೆಯುವವಳು ಕೊನೆಯ ಮನೆ ಮುಗಿಸಿ ಬಂದು "ಕರಿ ಮುಗೀತ್ರಿ" ಎಂದ ಮೇಲೆಯೇ ಮೊದಲ ತುತ್ತು.

ಹೀಗಿರಲು ಒಂದು ದಿನ ಹೊಳೆ ಅವಳನ್ನು ತಡೆದು ಕೇಳಿತಂತೆ. "ಎಲ್ಲಾರನ್ನೂ ಕರೀತಿ, ನನ್ನ ಯಾಕ ಕರಿಯಂಗಿಲ್ಲ?"

ಅವಳು ನಕ್ಕಳು. "ನಿನಗ ಹೊಸ್ತಿಲ ಎಲ್ಲೈತೆವ್ವಾ, ನಾ ಎಲ್ಲಿ ನಿಂತು ಕರೀಲಿ?"

ಹೊಳೆಗೆ ಅವಮಾನವಾಯಿತು. ನನಗೆ ಹೊಸ್ತಿಲಿಲ್ಲದಿದ್ದರೆ ನಿಮ್ಮ ಹೊಸ್ತಿಲಿಗೆ ನಾನೇ ಬರುತ್ತೇನೆ ಎಂದು ಹೇಳಿಹೋಯಿತು. ಊರೆಲ್ಲ ಕೂಡಿ ಊಟವಿಟ್ಟುಕೊಂಡ ದಿನ, ಎರಡು ಕರೆ ಆಗಿ, ಎಲೆ ಹಾಕಿ, ಕರೆಯುವವಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಮೂರನೆಯ ಕರೆಗೆ ಮೊದಲ ಮನೆಯ ಮೆಟ್ಟಿಲು ಹತ್ತುತ್ತಿರುವಾಗ ಕೆಳಗಿನ ಮೆಟ್ಟಿಲಿಗೆ ನೀರು ಬಂದಿತ್ತು.

"ಆಮ್ಯಾಗ?" ಎಂದು ನಾನು ಪ್ರತಿ ಸಲವೂ ಕೇಳುತ್ತಿದ್ದೆ.

"ಆಮ್ಯಾಗೇನು. ಕರಿ ಉಳೀತು" ಎಂದು ಆಯಿ ಪ್ರತಿ ಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಆಯಿ ಎಂದರೆ ನನ್ನ ತಾಯಿಯ ತಾಯಿ, ಕಾಶವ್ವ. ಅವಳ ಕಥೆಗಳಲ್ಲಿ ಕತ್ತೆ ಪಂಚಾಯ್ತಿಗೆ ಹೋಗುತ್ತಿತ್ತು, ಬೇವಿನ ಮರ ಮುನಿಸಿಕೊಂಡು ಊರು ಬಿಡುತ್ತಿತ್ತು. ಮಗ್ಗದ ಓಣಿ ಎಂಬ ಓಣಿಯೊಂದಿತ್ತು. ಅಲ್ಲಿ ಏಳು ಮನೆಯವರು ಹುಣ್ಣಿಮೆಯ ಬೆಳಕನ್ನು ಹಾಸು ಮಾಡಿ ಹೊಳೆಯ ಸಪ್ಪಳವನ್ನು ಹೊಕ್ಕು ಮಾಡಿ ಸೀರೆ ನೇಯುತ್ತಿದ್ದರು. ಹೀಗಿದ್ದಾಗ ಕರೆಯುವವಳೂ ಕಥೆಯವಳೇ ಎಂದು ನಾನು ತಿಳಿದದ್ದರಲ್ಲಿ ತಪ್ಪೇನಿದೆ. ಅವಳು ನನ್ನ ಆಯಿಯೇ, ಸೊಂಟದ ಮೇಲಿನ ಕೂಸು ನನ್ನ ಅವ್ವ, ಊರು ಬಾಗಲಕೋಟೆ ಸೀಮೆಯಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಅತ್ತಿಗೇರಿ ಎಂದು ತಿಳಿದಾಗ ನನಗೆ ಹನ್ನೆರಡು ವರ್ಷ. ನೀರು ಬರುವುದು ಎಲ್ಲರಿಗೂ ಗೊತ್ತಿತ್ತು, ಹೇಳಿದ್ದಕ್ಕಿಂತ ನಾಲ್ಕು ದಿನ ಮೊದಲೇ ಬಂತು. ಬಡಿಸಿಟ್ಟ ಎಲೆಗಳನ್ನು ಬಿಟ್ಟು ಊರು ದಿಕ್ಕಾಪಾಲಾಯಿತು. ಅಂದು "ಊರಲ್ಲೆಲ್ಲಾ ನಮ್ಮ ಮನಿ ಯಾವುದಿತ್ತು ಆಯಿ?" ಎಂದು ಕೇಳಿದ್ದೆ. "ಕರಿಯಾಕಿಗೆ ಮನಿ ಎಲ್ಲಿಂದ ಬಂತು, ಇಡೀ ಊರ ಆಕಿ ಮನಿ" ಎಂದಿದ್ದಳು. ನಾನು ಮಾತು ಕೊಟ್ಟಿದ್ದೆ. "ದೊಡ್ಡಾಕಿ ಆಗಿ ಆ ಮೂರನೇ ಕರಿ ನಾ ಮುಗಿಸಿ ಕೊಡತೀನಿ."

ಆಯಿ ನಗಲಿಲ್ಲ. "ಎಲ್ಲಾ ಮನೀದು. ಒಂದ ಬಿಟ್ರೂ ಮುಗದಂಗಲ್ಲ" ಎಂದಳು.

*

ಊರು ಮುಳುಗಿ ನಲವತ್ತೈದನೆಯ ವರ್ಷಕ್ಕೆ ನಾನು, ಮಂದಾಕಿನಿ, ಹೊಸ ಅತ್ತಿಗೇರಿಯ ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಕೂತಿದ್ದೆ. ಮುಳುಗಿದ ಊರುಗಳ ಧ್ವನಿಕೇಂದ್ರ ಎಂದು ಹೊರಗೆ ಬೋರ್ಡು. ಒಳಗೆ ಮೂರು ಪರದೆ, ನೀರು ಸೋರುವ ಒಂದು ಕೂಲರು, ಮತ್ತು ನಾವು ಮೂರು ಜನ.

ಕೇಂದ್ರದ ಹೆಮ್ಮೆಯೆಂದರೆ ಕಟ್ಟೆ. ಕಟ್ಟೆ ಒಂದು ಧ್ವನಿಯ ಊರು. ಕಡಲೆಕಾಳಿನಷ್ಟು ಸಣ್ಣ ಹರಳೊಂದನ್ನು ಕಿವಿಯಲ್ಲಿಟ್ಟುಕೊಂಡರೆ ನೀವು ಪುಣೆಯಲ್ಲಿದ್ದರೂ ಪಣಜಿಯಲ್ಲಿದ್ದರೂ ನಿಮ್ಮ ಹಳೆಯ ಓಣಿಯಲ್ಲಿ ಕೂತ ಹಾಗೆ. ಪಕ್ಕದ ಮನೆಯವರ ಮಾತು ಹತ್ತಿರದಲ್ಲಿ ಕೇಳುತ್ತದೆ, ಓಣಿಯ ತುದಿಯವರದು ಸಣ್ಣಗೆ, ಆಚೆ ಓಣಿಯದು ಗುಜುಗುಜು. ಯಾರ ಮುಖವೂ ಇಲ್ಲ, ಫೋಟೋ ಇಲ್ಲ. ಗೋಡೆಯಾಚೆಯ ಕೆಮ್ಮಿನಿಂದಲೇ ನೆರೆಯವರನ್ನು ಗುರುತಿಸಿ ಬೆಳೆದವರಿಗೆ ಅಷ್ಟು ಸಾಕಾಗಿತ್ತು.

ಆದರೆ ಕಟ್ಟೆಗೆ ಜನ ಬರುತ್ತಿದ್ದದ್ದು ಪಟ್ಟಿಯಿಂದ. ಪಟ್ಟಿ ಬೇರೆ ಯಂತ್ರ. ವರ್ಷಕ್ಕೊಮ್ಮೆ ನಡೆಯುವ ಕೂಟಕ್ಕೆ ಹೆಸರು ಕೊಡುವವರನ್ನೆಲ್ಲ ಅದು ಬರೆದುಕೊಳ್ಳುತ್ತಿತ್ತು: ಹೆಸರು, ಫೋನ್ ನಂಬರು, ಮುಳುಗಿದ ಮನೆಯ ಸಂಖ್ಯೆ. ಪಟ್ಟಿಗೆ ಕಟ್ಟೆ ಗೊತ್ತಿಲ್ಲ, ಕಟ್ಟೆಗೆ ಪಟ್ಟಿ ಗೊತ್ತಿಲ್ಲ. ನಡುವೆ ಫರ್ಜಾನಾ ಕೂತು ಎರಡು ವರ್ಷದಿಂದ ಒಂದೊಂದೇ ಹೆಸರು ಈ ಪರದೆಯಿಂದ ಆ ಪರದೆಗೆ ಸಾಗಿಸುತ್ತಿದ್ದಳು. ಅವಳ ಅಜ್ಜನೂ ಅತ್ತಿಗೇರಿಯವನು, ಮುಲ್ಲಾರ ಮನೆಯವನು.

"ಒಂದ ಬಾವ್ಯಾಗಿಂದ ಸೇದಿ ಇನ್ನೊಂದ ಬಾವಿಗೆ ಸುರಿಯೂ ಕೆಲ್ಸ ನಂದು" ಎನ್ನುತ್ತಿದ್ದಳು ಫರ್ಜಾನಾ. "ದಾರ್‍ಯಾಗ ಎಷ್ಟ ಚೆಲ್ಲತೈತಿ ಅಂತ ಆ ಅಲ್ಲಾಗ ಗೊತ್ತು."

ಬಹಳ ಚೆಲ್ಲುತ್ತಿತ್ತು. ಕೂಟಕ್ಕೆ ಬಂದು ಕಣ್ಣೊರೆಸಿಕೊಂಡು ಹೋದವರು ಕಟ್ಟೆಗೆ ಸೇರದೆ ಮತ್ತೆ ಕಳೆದುಹೋಗುತ್ತಿದ್ದರು. ಅದಕ್ಕೇ ನಾನು ಎರಡೂ ಯಂತ್ರಗಳನ್ನು ಬೆಸೆಯುವ ಪ್ರೋಗ್ರಾಮೊಂದನ್ನು ಬರೆದು ಕೊಂಡಿ ಎಂದು ಹೆಸರಿಟ್ಟೆ.

ಕೊಂಡಿಯ ಕೆಲಸವನ್ನು ಆಯಿಯ ಕೆಲಸದಿಂದಲೇ ಎತ್ತಿಕೊಂಡಿದ್ದೆ. ಪಟ್ಟಿಯಲ್ಲಿ ಹೆಸರು ಬಿದ್ದ ಕೂಡಲೇ ಮೊದಲ ಕರೆ ಹೋಗಬೇಕು, ಕಟ್ಟೆಯಲ್ಲಿ ಆ ಮನೆಯ ಬಾಗಿಲು ಅರ್ಧ ತೆರೆಯಬೇಕು. ಹಿಂದಿನ ಸಂಜೆ ನೆನಪಿನ ಕರೆ. ಕೂಟದ ದಿನ ಭವನದ ಬಾಗಿಲಲ್ಲಿ ಬಂದವರ ಗುರುತು ಹತ್ತಿದಾಗ, ದೂರದೂರಿನವರು ತಮ್ಮ ಮನೆಯಲ್ಲೇ ಎಲೆ ಮುಂದೆ ಕೂತು "ಬಂದೇವಿ" ಎಂದಾಗ, ಬಾಗಿಲು ಪೂರ್ತಿ ತೆರೆದು ಅವರವರ ಓಣಿಯ ಧ್ವನಿ ಹರಿಯಬೇಕು. ಆಮೇಲೆ ಮೂರನೆಯ ಕರೆ. ಎಲ್ಲ ಮನೆಯೂ ಓಗೊಟ್ಟ ಮೇಲೆ ಕೊಂಡಿ ತಾನಾಗಿ ಹಸಿರಾಗುತ್ತದೆ. ನಡುವೆ ಯಾರ ಕೈಯೂ ಬೇಡ, ಯಾರ ಮರೆವೂ ಬೇಡ. ಎಲ್ಲ ಮನೆಯೂ ಎಂಬ ಮಾತನ್ನು ಮಾತ್ರ ನಾನು ಬೀಗ ಹಾಕಿ ಬರೆದಿದ್ದೆ. ಕೇಂದ್ರದ ಮುಖ್ಯಸ್ಥರಾದ ಜಾಲಿಹಾಳ ಸರ್ ಕೂಡ ಅದನ್ನು ಕೈಯಿಂದ ಹಸಿರು ಮಾಡುವಂತಿರಲಿಲ್ಲ.

"ಇದೊಂದ್ ಹಟ ಯಾಕವಾ?" ಎಂದಿದ್ದರು ಸರ್. "ಎಲ್ಲಾ ಯಂತ್ರಕ್ಕೂ ಒಂದು ಹಿಂಬಾಗಿಲಿರತೈತಿ."

"ಹಿಂಬಾಗಿಲ ಇದ್ರ ನಮ್ಮ ಆಯಿ ಒಪ್ಪಂಗಿಲ್ಲ ಸರ್."

"ನಿಮ್ಮ ಆಯಿ ನಮ್ಮ ಸಂಬಳ ಕೊಡತಾಳೇನು?" ಎಂದು ಗೊಣಗಿದರು, ಆದರೆ ಸಹಿ ಹಾಕಿದರು.

*

ಕರೆಯ ಧ್ವನಿ ಆಯಿಯದೇ ಆಗಬೇಕಿತ್ತು. ಹತ್ತು ವಾಕ್ಯ ಹೇಳಿಸಿಕೊಂಡರೆ ಸಾಕು, ಉಳಿದದ್ದನ್ನು ಯಂತ್ರ ಅವಳದೇ ಧ್ವನಿಯಲ್ಲಿ ಹೇಳಿಕೊಳ್ಳುತ್ತದೆ ಎಂದು ಮನೆಯಲ್ಲಿ ವಿವರಿಸಿದೆ. ಆಯಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ನಿಂತಿತು.

"ಹತ್ತ ಮನಿ ಕರದು, ಊರೆಲ್ಲಾ ಕರದೆ ಅಂತ ಹೇಳಲೇನು? ಎಂಬತ್ತೊಂದು ವರ್ಷಕ್ಕ ನನ್ನ ಕೈಯಾಗ ಸುಳ್ಳ ಹೇಳಸ್ತಿ?"

"ಸುಳ್ಳಲ್ಲ ಆಯಿ, ಧ್ವನಿ ನಿಂದ ಇರತೈತಿ."

"ಧ್ವನಿ ನಂದು, ನಾ ಮಾತ್ರ ಇಲ್ಲಿ ಜ್ವಾಳ ಹಸ ಮಾಡಾಕಹತ್ತಿರ್ತೀನಿ. ಬ್ಯಾಡ. ನಾ ಎಲ್ಲಾ ಮನೀನೂ ಕರೀತೀನಿ. ನಿನ್ನ ಹರಳ ತಾ."

ನಾಲ್ಕು ಬೆಳಗ್ಗೆ ಹಿಡಿಯಿತು. ಹರಳನ್ನು ಕಿವಿಗಿಟ್ಟುಕೊಂಡು ಆಯಿ ಕಣ್ಣು ಮುಚ್ಚಿ, ಕೂತಲ್ಲೇ ಕಾಲು ಒಂದೊಂದು ಸಲ ಸರಿಸುತ್ತ, ಊರಿನಲ್ಲಿ ನಡೆದಳು. "ಗಾಣಗೇರ ಬಸಪ್ಪನ ಮನಿಯವ್ರ, ಬರಬೇಕ್ರಿ." ಒಂದು ಹೆಜ್ಜೆ. "ಮಾಸ್ತರ ಮನಿಯವ್ರ, ಬರಬೇಕ್ರಿ." ನಡುವೆ ಎಲ್ಲೋ ತಲೆ ಬಾಗಿಸಿದಳು. ಯಾಕೆ ಎಂದರೆ, ಅಲ್ಲಿ ಹುಣಸೆ ಟೊಂಗೆ ಜೋತು ಬಿದ್ದಿತ್ತು ಎಂದಳು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದಳು. ಸೊಂಟದ ಮೇಲೆ ಕೂತು ತಾನು ಸುತ್ತಿದ ಊರನ್ನು ಅವಳು ಮೊದಲ ಸಲ ಕಂಡದ್ದು ಹಾಗೆ.

ಐದನೆಯ ದಿನ ಕೇಂದ್ರದಲ್ಲಿ ಆ ಧ್ವನಿಗಳನ್ನು ಮನೆಗಳಿಗೆ ಜೋಡಿಸಿದೆ. ಹಳೆಯ ಸರ್ವೆಯ ಪ್ರಕಾರ ಅತ್ತಿಗೇರಿಯಲ್ಲಿ ಸಂಖ್ಯೆ ಇರುವ ಮನೆ ಇನ್ನೂರ ಏಳು. ಆಯಿ ಕರೆದದ್ದು ಇನ್ನೂರ ಹದಿನಾಲ್ಕು. ಪರದೆಯ ಮೇಲೆ ಕೊಂಡಿ ಒಂದು ಸಾಲು ಬರೆಯಿತು: ಏಳು ಧ್ವನಿಗಳಿಗೆ ಮನೆ ಇಲ್ಲ.

ನೋಡಿದರೆ ಆ ಏಳೂ ಮಗ್ಗದ ಓಣಿಯವು.

ನನಗೆ ನಗು ಬಂತು, ಎದೆಯೂ ತುಂಬಿ ಬಂತು. ಹುಣ್ಣಿಮೆಯನ್ನು ನೇಯುವವರ ಮನೆಗಳು. ಸರ್ವೆ ನಕ್ಷೆಯಲ್ಲಿ ಆ ಜಾಗದಲ್ಲಿ ಖಾಲಿ ನೆಲ ಎಂದಿತ್ತು. ವಯಸ್ಸಾದ ಆಯಿಯ ತಲೆಯಲ್ಲಿ ಕಥೆಯ ಓಣಿ ಊರಿನೊಳಗೆ ಸೇರಿಕೊಂಡಿದೆ ಎಂದುಕೊಂಡು ಸಂಜೆ ಮೆಲ್ಲಗೆ ಹೇಳಿದೆ.

"ಆಯಿ, ಏಳು ಮನಿ ಹೆಚ್ಚಿಗಿ ಕರದೀ. ಮಗ್ಗದ ಓಣಿ ಕಥ್ಯಾಗಿಂದಲ್ಲೇನು."

ಆಯಿ ಮೊರ ಕೆಳಗಿಟ್ಟಳು. ಜಗಳ ತೆಗೆಯುವಳೆಂದುಕೊಂಡಿದ್ದೆ. ತೆಗೆಯಲಿಲ್ಲ.

"ಹೌದವಾ, ಕಾಗದ್ದಾಗ ಇಲ್ಲಂದ್ರ ಕಥೀನ ಇರಬೇಕು" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ಏಳು ಧ್ವನಿಗಳನ್ನು ನಾನು ಬೇರೆ ಕಡೆ ತೆಗೆದಿಟ್ಟೆ. ಅಳಿಸಲು ಮನಸ್ಸಾಗಲಿಲ್ಲ. ಅಷ್ಟು ಮಾತ್ರ ನಾನು ಮಾಡಿದ ಒಳ್ಳೆಯ ಕೆಲಸ.

*

ಕೂಟದ ದಿನ ಬೆಳಗ್ಗೆ ಹತ್ತಕ್ಕೆಲ್ಲ ಭವನ ತುಂಬಿತು. ಅಂಗಳದಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಮುತ್ತುಗದ ಪತ್ರಾವಳಿಗಳು ಗಂಟಾಗಿ ಬಂದು ಬಿದ್ದಿದ್ದವು. ಪರದೆಯ ಮೇಲೆ ಇನ್ನೂರ ಏಳು ಮನೆಗಳಲ್ಲಿ ಒಂದೊಂದೇ ಬಾಗಿಲು ತೆರೆಯುತ್ತಿತ್ತು. ಫರ್ಜಾನಾ ಕೈ ಕಟ್ಟಿಕೊಂಡು ಕೂತಿದ್ದಳು.

"ಎರಡ ವರ್ಷದಾಗ ಮೊದಲ ಸಲ ನನ್ನ ಕೈಬಟ್ಟ ಸುಮ್ಮ ಅದಾವ" ಎಂದಳು. "ಏನ್ ಮಾಡಬೇಕಂತ ತಿಳೀವಲ್ದು. ಉಗರ ಕತ್ತರಿಸಿಕೊಳ್ಳಲೇನು?"

ಆಗ ಬಾಗಿಲ ಕಡೆಯಿಂದ ಕೆಂಪು ಗುರುತು ಬಂತು. *ಅತಿಥಿ ಒಬ್ಬರು ಬಂದಿದ್ದಾರೆ. ನಕಲು ಆರು.* ಮತ್ತೆ ಅದೇ. *ನಕಲು ಆರು.*

ಹೋಗಿ ನೋಡಿದೆ. ಬಾಗಿಲಲ್ಲಿ ಏಳು ಮಂದಿ ಹೆಂಗಸರು ನಿಂತಿದ್ದರು, ಎಲ್ಲರೂ ಎಪ್ಪತ್ತರ ಆಚೆಯವರು, ಒಬ್ಬೊಬ್ಬರದೂ ಒಂದೊಂದು ಬಣ್ಣದ ಕೈಮಗ್ಗದ ಸೀರೆ. ಇಳಕಲ್ಲಿನಿಂದ ಟೆಂಪೋ ಮಾಡಿಕೊಂಡು ಬಂದಿದ್ದರು. ಮುಂದಿದ್ದವಳ ಕೈಯಲ್ಲಿ ಹಳೆಯ ಕಾಲದ ಫೋನು.

"ನಾ ತಿಪ್ಪವ್ವ ಅಂತ. ನಿಮ್ಮ ಬಾಗ್ಲಾ ನನ್ನ ಒಬ್ಬಾಕಿನ್ನ ಬಾ ಅಂತೈತಿ" ಎಂದಳು. "ಇವರನ್ನ ನಕಲ ಅಂತೈತಿ. ಎಂಟ ದಿನದ ಹಿಂದ ಒಂದ ಕರಿ ಬಂತು, ಅದೂ ಅತಿಥಿ ಅಂತ. ಯಾರ ಮನಿಗೆ ಯಾರ ಅತಿಥಿ ಯವ್ವಾ?"

"ಏಳೂ ಮನಿಗೂ ಒಂದ ನಂಬರ ಯಾಕ ಕೊಟ್ರಿ ಅಮ್ಮಾ?"

"ಮತ್ತ? ಮಗ್ಗದ ಸಪ್ಪಳದಾಗ ಫೋನ್ ಯಾರಿಗೆ ಕೇಳತೈತಿ. ಓಣಿಗೆ ಒಂದ ಸಾಕು ಅಂತ ನನ್ನ ಮಗ್ಗದ ಗೂಟಕ್ಕ ಕಟ್ಟೇವಿ. ಯಾರಿಗೆ ಬಂದ್ರೂ ನಾ ಕೂಗತೀನಿ."

"ಯಾವ ಓಣಿ?" ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

"ಮಗ್ಗದ ಓಣಿ. ನಮಗ ಮನಿ ನಂಬರ ಇರಲಿಲ್ಲವಾ, ನಾವು ಊರ ಜಾಗಾದಾಗ ಕುಂತವ್ರು. ಸರ್ವೆದವ್ರು ಮಗ್ಗಕ್ಕ ನಂಬರ ಕೊಡಂಗಿಲ್ಲ ಅಂದ್ರು. ಕಾಶಿ ಅದಾಳೇನು? ಆಕಿಗೆ ಕೇಳು, ಆಕಿಗೆ ಗೊತ್ತು."

ಕೋಣೆಗೆ ಮರಳಿದಾಗ ಆಯಿ ನನ್ನ ಕುರ್ಚಿಯಲ್ಲಿ ಕೂತಿದ್ದಳು. ನೇರವಾಗಿ ಅವಳ ಮುಂದೆ ಹೋಗಿ ನಿಂತೆ. "ಆಯಿ, ಮಗ್ಗದ ಓಣಿ ಬಂದೈತಿ. ನಂದ ತಪ್ಪಾತು."

"ಗೊತ್ತಾತು, ತಿಪ್ಪಿ ಬಾಯಿ ಇಲ್ಲಿಗೂ ಕೇಳತೈತಿ" ಎಂದಳು ಆಯಿ. ಇಷ್ಟು ದಿನ ಹಿಡಿದಿಟ್ಟದ್ದೊಂದು ಅವಳ ಮುಖದಿಂದ ಇಳಿದುಹೋಯಿತು. "ಹುಣ್ಣಿಮಿ ನೇಯೂದಷ್ಟ ನಾ ಸೇರಿಸಿದ್ದು. ಮನಿ ಖರೇನ ಇದ್ದೂ. ಈಗ ಎಲ್ಲಿ ಕುಂಡ್ರಸ್ತಿ ಅವರನ್ನ?"

ಅದೇ ಪ್ರಶ್ನೆ. ಜಾಲಿಹಾಳ ಸರ್ ಗಡಿಯಾರ ನೋಡಿದರು. "ಏಳು ಹೆಸರು ಕೈಲೆ ಸೇರಿಸು, ಮುಗಸು. ಒಂದು ಗಂಟೆಕ್ಕ ಎಲಿ ಹಾಕಬೇಕು. ನಾಲ್ಕು ಊರಾಗ ಜನ ಕಾಯಾಕಹತ್ಯಾರ."

"ಕೈಲೆ ಸೇರಿಸಿದ್ರ ಎಲ್ಲಿ ಸೇರಸ್ಲಿ ಸರ್? ನಕ್ಷಾದಾಗ ಅವರ ಓಣೀನ ಇಲ್ಲ. ಎಲ್ಲ್ಯಾರ ಒಂದ ಕಡೆ ಇಟ್ರ ಅವರ ಕಿವಿಗೆ ಪರದೇಶಿ ಮಂದಿ ದನಿ ಬರತೈತಿ. ನಲವತ್ತೈದು ವರ್ಷ ಬಿಟ್ಟು ಬಂದು ಮತ್ತ ಅತಿಥಿ ಆಗತಾರ."

"ಹಂಗಾದ್ರ ಏನ್ ಮಾಡ್ತಿ?"

ಕೊಂಡಿ ಮನುಷ್ಯರನ್ನು ಗುರುತು ಹಿಡಿಯುತ್ತಿದ್ದದ್ದು ಎರಡರಿಂದ, ಫೋನ್ ನಂಬರು ಮತ್ತು ಮನೆ ಸಂಖ್ಯೆ. ಎರಡೂ ಇಲ್ಲದವರು ಅದಕ್ಕೆ ಇಲ್ಲದವರೇ. ಆಯಿಯ ಕಡೆ ತಿರುಗಿದೆ. "ಆಯಿ, ನೀ ಹೆಂಗ ನೆನಪಿಡತಿದ್ದಿ? ನಿನಗೇನು ನಂಬರ ಇತ್ತೇನು?"

"ನಂಬರ ಯಾಕ ಬೇಕು. ಬಸಪ್ಪನ ಮನಿ ಬಾಜೂಕ ಮಾಸ್ತರ ಮನಿ. ಮಾಸ್ತರ ಮನಿ ಬಾಜೂಕ ಚಿಮ್ಮಡ ಅವರ ಮನಿ. ಒಂದು ಮನಿ ಇನ್ನೊಂದ ಮನಿ ಕೈ ಹಿಡಕೊಂಡಿರತೈತಿ. ಒಂದ ಕೈ ಬಿಟ್ರ ಗೊತ್ತಾಗತೈತಿ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಕೈ ಹಿಡಿದ ಮನೆಗಳು. ಕೊಂಡಿ ಎಂದು ಹೆಸರಿಟ್ಟವಳಿಗೆ ಅದು ಹೊಳೆದಿರಲಿಲ್ಲ. ಮನೆಗೆ ಸಂಖ್ಯೆ ಬೇಕಿಲ್ಲ. ಎಡಕ್ಕೆ ಯಾರು, ಬಲಕ್ಕೆ ಯಾರು, ಇವೆರಡು ಗೊತ್ತಾದರೆ ಮನೆ ಎಲ್ಲಿದೆ ಎಂದು ಗೊತ್ತಾಯಿತು. ಎರಡು ಕಡೆಯ ನೆರೆಯವರೂ ಒಂದು ಮನೆಯ ಹೆಸರು ಹೇಳಿದರೆ, ಕಾಗದದಲ್ಲಿರಲಿ ಬಿಡಲಿ, ಆ ಮನೆ ಇದೆ.

"ಒಂದು ತಾಸು ಕೊಡ್ರಿ ಸರ್."

"ಮುಕ್ಕಾಲು ತಾಸು" ಎಂದರು ಸರ್. ಆಮೇಲೆ ತಾವೇ ಅಂಗಳಕ್ಕೆ ಹೋಗಿ ಅಡುಗೆಯವರಿಗೆ ಉರಿ ಸಣ್ಣ ಮಾಡಲು ಹೇಳಿ ಬಂದರು.

ಗುರುತಿನ ನಿಯಮವನ್ನೇ ಕಿತ್ತು ಹೊಸದಾಗಿ ಬರೆದೆ. ಫರ್ಜಾನಾ ಒಂದೊಂದು ಸಾಲನ್ನೂ ನನ್ನ ಹೆಗಲ ಮೇಲಿಂದ ಓದಿ ತಪ್ಪು ಹಿಡಿದಳು. ಹೆಸರುಗಳ ಸಾಗಾಟದಲ್ಲಿ ಏನೇನು ಚೆಲ್ಲುತ್ತದೆ ಎಂದು ಅವಳಷ್ಟು ಬಲ್ಲವರು ಯಾರಿದ್ದರು. ಆಮೇಲೆ ಆಯಿ ಹರಳಿಗೆ ಬಾಯಿ ಕೊಟ್ಟು ಇಡೀ ಕಟ್ಟೆಗೆ ಕೇಳಿದಳು.

"ನಾ ಕಾಶವ್ವ ಮಾತಾಡತೀನಿ. ಎಲ್ಲಾರೂ ನಿಮ್ಮ ನಿಮ್ಮ ಹೊಸ್ತಿಲದಾಗ ನಿಂತೀರಿ ಅಂತ ತಿಳಕೋರಿ. ಓಣಿ ಕಡೆ ಮಾರಿ ಮಾಡ್ರಿ. ಎಡಕ್ಕ ಯಾರ ಮನಿ, ಬಲಕ್ಕ ಯಾರ ಮನಿ, ಹೇಳ್ರಿ."

ಆಮೇಲೆ ಭವನದೊಳಗಿನಿಂದ, ಪುಣೆಯಿಂದ, ಸೊಲ್ಲಾಪುರದಿಂದ, ಪಣಜಿಯಿಂದ ಹೆಸರುಗಳು ಬರತೊಡಗಿದವು. ಒಂದು ಹೆಸರು ಇನ್ನೊಂದರ ಕೈ ಹಿಡಿದಾಗಲೆಲ್ಲ ಪರದೆಯ ಮೇಲೆ ಸಣ್ಣ ಗೆರೆ ಮೂಡುತ್ತಿತ್ತು. ಸರ್ವೆಯವರು ನೇರ ಎಳೆದಿದ್ದ ಓಣಿಗಳು ಒಂದೊಂದಾಗಿ ಬಾಗಿದವು. ಹುಣಸೆ ಮರವಿದ್ದಲ್ಲಿ ಓಣಿ ಸುತ್ತಿಕೊಂಡು ಹೋಯಿತು. ಒಂದು ಕಡೆ ಮಾತ್ರ ಗೆರೆ ಕೂಡಲೊಲ್ಲದು.

"ನನ್ನ ಬಲಕ್ಕ ಯಾರೂ ಇರಲಿಲ್ಲ, ಒಬ್ಬ ಕಳ್ಳ ಇದ್ದ" ಎನ್ನುತ್ತಿತ್ತು ಪುಣೆಯ ಒಂದು ಮುದಿ ಧ್ವನಿ.

"ಗೋಡಿ ಒತ್ತಿ ಕಟ್ಟಿದಾಂವ ಕಳ್ಳೋ ನಾ ಕಳ್ಳೋ?" ಎಂದಿತು ಭವನದೊಳಗಿನ ಇನ್ನೊಂದು.

ಆಯಿ ನಡುವೆ ಬಾಯಿ ಹಾಕಿದಳು. "ಸಂಗಪ್ಪಾ, ಗೋಡೀನೂ ಹೋತು, ಗೋಡಿ ಮ್ಯಾಲ ಮೀನ ಓಡಾಡಾಕಹತ್ಯಾವ. ಆ ಕಳ್ಳನ ಹೆಸರು ಹೇಳು."

ಇನ್ನೂರು ಮನೆಗಳು ಕಾದವು.

"ಈರಪ್ಪ ತೇಲಿ" ಎಂದಿತು ಪುಣೆ, ಹಲ್ಲು ಕಚ್ಚಿದಂತೆ. ಗೆರೆ ಕೂಡಿತು. ಭವನದಲ್ಲಿ ಚಪ್ಪಾಳೆ ಬಿತ್ತು.

ಮಗ್ಗದ ಓಣಿ ಕೊನೆಗೆ ಬಂತು. ತಿಪ್ಪವ್ವನ ಆ ಒಂದೇ ಫೋನು ಕೈಯಿಂದ ಕೈಗೆ ಹೋಯಿತು. ಏಳು ಮಂದಿಯೂ ತಮ್ಮ ಎಡಬಲ ಹೇಳಿದರು. ನಕ್ಷೆಯ ಖಾಲಿ ನೆಲದ ಮೇಲೆ ಏಳು ಮನೆ ಎದ್ದವು. ಆ ಕ್ಷಣಕ್ಕೆ ಕಟ್ಟೆಯಲ್ಲಿ ಮಾಸ್ತರ ಮನೆಯ ಮುದುಕಿಯೊಬ್ಬಳು ಮಾತು ನಿಲ್ಲಿಸಿ, "ಯಾರದು, ತಿಪ್ಪೀನ? ನಮ್ಮ ಹಿತ್ತಲ ಕಡೆಯಿಂದ ಕೇಳಾಕಹತ್ತೇತಲ್ಲ" ಎಂದಳು. ತಿಪ್ಪವ್ವ "ಹೂಂನವಾ, ನಿಮ್ಮ ಹಿತ್ತಲದಾಗಿಂದನ" ಎಂದಳು. ಆಮೇಲೆ ಅವರ ಉಸಿರು ಮಾತ್ರ ಹತ್ತಿರ ಹತ್ತಿರ ಕೇಳುತ್ತಿತ್ತು.

ಫರ್ಜಾನಾ ಕಣ್ಣೊರೆಸಿಕೊಂಡು, "ನಾ ಕೈಲೆ ಮಾಡಿದ್ರ ಇದು ನೂರ ವರ್ಷಕ್ಕೂ ಆಗತಿರಲಿಲ್ಲ ಬಿಡು" ಎಂದಳು. ಅಂದಿನಷ್ಟು ಹೆಮ್ಮೆ ನನಗೆ ಯಾವ ಬಹುಮಾನದಿಂದಲೂ ಆಗಲಿಕ್ಕಿಲ್ಲ. ನಾನು ಬರೆದ ಯಂತ್ರ ಕಾಗದಕ್ಕಿಂತ ನೆರೆಹೊರೆಯನ್ನು ಹೆಚ್ಚು ನಂಬುವುದನ್ನು ಕಲಿತಿತ್ತು.

*

ಎಲೆ ಹಾಕಿದರು. ಹುಗ್ಗಿ, ಎಣ್ಣೆಗಾಯಿ, ಝುಣಕ, ಖಡಕ್ ರೊಟ್ಟಿ. ಹಬೆ ಏಳುತ್ತಿತ್ತು, ಯಾರ ಕೈಯೂ ಎಲೆಗೆ ಇಳಿಯಲಿಲ್ಲ.

ಮೂರನೆಯ ಕರೆಯನ್ನು ಮೊದಲೇ ಹಿಡಿದಿಟ್ಟ ಧ್ವನಿಯಿಂದ ಕಳುಹಿಸಲು ಆಯಿ ಒಪ್ಪಲಿಲ್ಲ. ಕಣ್ಣು ಮುಚ್ಚಿ ಮೊದಲ ಮೆಟ್ಟಿಲಿಗೆ ಹೋದಳು, ನಲವತ್ತೈದು ವರ್ಷದ ಹಿಂದೆ ನೀರು ತಡೆದ ಅದೇ ಮೆಟ್ಟಿಲಿಗೆ. ಕೆಳಗೊಮ್ಮೆ ನೋಡಿದವಳಂತೆ ತಲೆ ತಗ್ಗಿಸಿದಳು. ಆಮೇಲೆ ಮೇಲೆ ಹತ್ತಿದಳು.

"ಗಾಣಗೇರ ಬಸಪ್ಪನ ಮನಿಯವ್ರ, ಎಲಿ ಹಾಕೇವಿ, ಏಳ್ರಿ."

"ಬಂದ್ವಿ" ಎಂದಿತು ಬಸಪ್ಪನ ಮೊಮ್ಮಗಳ ಧ್ವನಿ, ಸೊಲ್ಲಾಪುರದಿಂದ.

ಹೀಗೆ ಮನೆಯಿಂದ ಮನೆಗೆ. ಒಂದೊಂದು "ಬಂದ್ವಿ"ಗೂ ಪರದೆಯಲ್ಲಿ ಒಂದೊಂದು ದೀಪ. ಆಯಿಯ ಗಂಟಲು ಒಣಗಿದಾಗ ಅವ್ವ ನೀರು ಕೊಟ್ಟಳು. ಮಗ್ಗದ ಓಣಿಗೆ ಬಂದಾಗ ಆಯಿ ಏಳೂ ಮನೆಗೆ ಏಳು ಸಲ ನಿಂತಳು, ಏಳು ಸಲ ಕರೆದಳು. ತಿಪ್ಪವ್ವ ಮಾತ್ರ "ಬಂದ್ವಿ" ಎನ್ನದೆ "ಎಷ್ಟ ತಡಾ ಮಾಡಿದ್ಯೇ ಕಾಶಿ" ಎಂದಳು. ಅದನ್ನೂ ಕೊಂಡಿ ಓಗೊಟ್ಟದ್ದೆಂದೇ ತಿಳಿಯಿತು.

ಇನ್ನೂರ ಹದಿನಾಲ್ಕು. ಆಯಿ ಕಣ್ಣು ತೆರೆದಳು. ನಾನು ಹಸಿರು ಬರುವುದನ್ನು ನೋಡುತ್ತ ಕೂತೆ.

ಬರಲಿಲ್ಲ.

ಪರದೆಯ ಮೇಲೆ ಒಂದು ಸಾಲು: *ಒಂದು ಮನೆಗೆ ಕರೆ ಹೋಗಿಲ್ಲ. ಎಡಕ್ಕೆ ತಿಪ್ಪವ್ವನ ಮನೆ. ಬಲಕ್ಕೆ ಮುಲ್ಲಾರ ಮನೆ. ಆ ಮನೆಯಿಂದ ಪಟ್ಟಿಗೆ ಯಾರೂ ಹೆಸರು ಕೊಟ್ಟಿಲ್ಲ.*

ಸರ್ ಎದ್ದು ನಿಂತರು. "ಮತ್ತೇನಿದು?"

"ತಿಪ್ಪವ್ವನ ಮನಿಗೂ ನಮ್ಮಜ್ಜನ ಮನಿಗೂ ನಡುವ?" ಎಂದು ಫರ್ಜಾನಾ ಹುಬ್ಬು ಗಂಟಿಕ್ಕಿದಳು. "ನಮ್ಮಜ್ಜ ಹೇಳತಿದ್ದ, ನಮ್ಮ ಬಾಜೂಕ ಒಬ್ಬಾಕಿ ದೊಡ್ಡ ದನಿಯಾಕಿ ಇದ್ಲು, ಆಕಿ ಸಾದಾ ಮಾತಾಡಿದ್ರೂ ನಮ್ಮ ಮನ್ಯಾಗ ಆಡು ಎದ್ದು ನಿಂದರತಿತ್ತು ಅಂತ."

ಆಯಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬೇಕೆಂದೇ ಯಾರ ಕಡೆಯೂ ನೋಡದೆ.

"ಆಯಿ?"

"ಅದನ್ನ ಬಿಡವಾ."

"ಅದು ನಿನ್ನ ಮನಿ."

"ಕರಿಯಾಕಿಗೆ ಕರಿ ಇಲ್ಲ. ಎಲ್ಲಾರ್ದೂ ಆದ ಮ್ಯಾಲ ಒಲಿ ಮುಂದ ಕುಂತು ಉಣ್ಣೂದು. ನಮ್ಮವ್ವನೂ ಹಂಗ ಉಂಡಾಳ, ಆಕಿ ಅತ್ತಿನೂ ಹಂಗ ಉಂಡಾಳ. ಅದು ಲೆಕ್ಕಕ್ಕಿಲ್ಲ."

ಎಡಬಲದವರನ್ನು ಕೇಳಿದಾಗ ಎರಡೂ ಕಡೆಯವರು ಅವಳ ಹೆಸರು ಹೇಳಿದ್ದರು. ನಾನು ಅವಳನ್ನು ಪಟ್ಟಿಯಲ್ಲಿ ಕೆಲಸದವರ ಸಾಲಿಗೆ ಬರೆದು ಮರೆತಿದ್ದೆ. ಏಳು ಮನೆಯಷ್ಟೇ ಅಲ್ಲ, ಸರ್ವೆಯವರು ಸಂಖ್ಯೆ ಕೊಡದ, ನನ್ನ ಅವ್ವ ಹುಟ್ಟಿದ ಮನೆಯೂ ನನ್ನ ಲೆಕ್ಕದಿಂದ ಬಿಟ್ಟುಹೋಗಿತ್ತು.

"ಹುಗ್ಗಿ ಆರಾಕಹತ್ತೇತಿ" ಎಂದರು ಸರ್, ಸಣ್ಣ ಧ್ವನಿಯಲ್ಲಿ. ನನ್ನ ಬೀಗದ ನೆನಪು ಅವರಿಗೂ ಇತ್ತು. "ಆ ಒಂದು ಮನಿ ಅಳಿಸಿಬಿಡು, ಹಸಿರ ಆಗತೈತಿ."

"ಒಂದ ಬಿಟ್ರೂ ಮುಗದಂಗಲ್ಲ ಸರ್. ಈ ಮಾತು ನಂದಲ್ಲ."

ಆಯಿ ತಲೆಯೆತ್ತಿದಳು. ತನ್ನದೇ ಮಾತು ತನ್ನ ಕಡೆಗೆ ತಿರುಗಿ ಬಂದದ್ದು ಅವಳಿಗೆ ಅರ್ಥವಾಯಿತು. ಸೋತವರ ನಗೆಯೊಂದು ತುಟಿಯ ಅಂಚಿಗೆ ಬಂದಿತು, ಆದರೆ ಸುಮ್ಮನೆ ಸೋಲುವ ಜಾತಿಯೇ ಅಲ್ಲ ಅವಳದು.

"ಹಂಗಾದ್ರ ಮೂರೂ ಕರಿ ಆಗಬೇಕು" ಎಂದಳು. "ನನಗ ಮೊದಲನೇದೂ ಬಂದಿಲ್ಲ, ಎರಡನೇದೂ ಬಂದಿಲ್ಲ. ಮೂರನೇದಕ್ಕ ನಾ ಹೆಂಗ ಏಳ್ಲಿ?"

ನಾನು ಹೊರಗೋಡಿದೆ. ಅಡುಗೆಯವರ ಡಬ್ಬಿಯಿಂದ ಒಂದು ಚಿಟಿಕೆ ಅರಿಸಿನ ಸಿಕ್ಕಿತು. ಅಡಿಕೆ ಫರ್ಜಾನಾಳ ಅಮ್ಮಿಯ ಪಾನದ ಚೀಲದಲ್ಲಿತ್ತು. ಕೋಣೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟೆ, ಬಾಗಿ ಅಡಿಕೆ ಇಟ್ಟೆ.

"ಕಾಶವ್ವನ ಮನಿಯವ್ರ, ಊರ ಊಟ ಐತಿ, ಬರಬೇಕ್ರಿ."

"ಆತು" ಎಂದಳು ಒಳಗಿನಿಂದ.

ಎಂಟು ಹೆಜ್ಜೆ ಹಿಂದೆ ಹೋಗಿ, ಎಂಟು ದಿನಕ್ಕೆ ಎಂಟು, ಮತ್ತೆ ಬಂದೆ. "ಕಾಶವ್ವನ ಮನಿಯವ್ರ, ನೆನಪೈತಿಲ್ರಿ?"

"ನಲವತ್ತೈದು ವರ್ಷದಿಂದ ಐತಿ."

ಮತ್ತೆ ಹಿಂದೆ ಹೋದೆ. ಈ ಸಲ ಹೊಸ್ತಿಲಿಗೆ ಬಂದು ನೆಟ್ಟಗೆ ನಿಂತೆ. ಕಿವಿಯಲ್ಲಿ ಹರಳಿತ್ತು. ಇನ್ನೂರ ಹದಿನಾಲ್ಕು ಮನೆಗಳು ಎಲೆಯ ಮುಂದೆ ಕೂತು ನನ್ನನ್ನು ಕೇಳುತ್ತಿದ್ದವು, ಪುಣೆಯ ಸಂಗಪ್ಪನಿಂದ ಹಿಡಿದು ಅಂಗಳದ ತಿಪ್ಪವ್ವನವರೆಗೆ. ದೊಡ್ಡ ಧ್ವನಿ ಆಯಿಯಿಂದ ನನಗೂ ಬಂದಿದೆ ಎಂದು ನನಗೇ ಗೊತ್ತಿರಲಿಲ್ಲ.

"ಕಾಶವ್ವನ ಮನಿಯವ್ರ, ಎಲಿ ಹಾಕೇವಿ, ಏಳ್ರಿ."

ಆಯಿ ಕೂಡಲೇ ಏಳಲಿಲ್ಲ. ಮನೆಯಲ್ಲಿ ಕಂಬಕ್ಕೊರಗಿ ಕೂತು ಕರೆ ಬಂದದ್ದನ್ನು ಒಂದು ಗಳಿಗೆ ಸವಿಯುವವರ ಹಾಗೆ ಕೂತಳು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದಳು.

"ಬಂದೆ" ಎಂದಳು.

ಅವ್ವ ಅವಳ ತೋಳು ಹಿಡಿದಳು. ಪಂಕ್ತಿಯಲ್ಲಿ ಎಡಕ್ಕಿದ್ದ ತಿಪ್ಪವ್ವ ಜಾಗ ಬಿಟ್ಟಳು, ಬಲಕ್ಕಿದ್ದ ಫರ್ಜಾನಾಳ ಅಮ್ಮಿ ಸರಿದು ಕೂತಳು. ನಡುವಿನ ಎಲೆಯ ಮುಂದೆ ಆಯಿ ಕೂತಳು. ಬಿಟ್ಟುಬಂದ ಕೋಣೆಯಲ್ಲಿ ಪರದೆ ಹಸಿರಾಯಿತೆಂದು ಸರ್ ಕೈ ಮೇಲೆತ್ತಿ ತೋರಿಸಿದರು, ಆದರೆ ಅಂಗಳದಲ್ಲಿ ಯಾರೂ ಅತ್ತ ನೋಡಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ನನ್ನನ್ನು. ಕೊನೆಯ ಮನೆ ಕರೆದವಳು ಹೇಳಬೇಕಾದ ಮಾತೊಂದು ಉಳಿದಿತ್ತು.

ನಾನು ಪಂಕ್ತಿಯ ತಲೆಯಲ್ಲಿ ನಿಂತು ಹೇಳಿದೆ.

"ಕರಿ ಮುಗೀತ್ರಿ."